ಸ್ಕ್ರಾಚ್‌ನಿಂದ ಪೈಥಾನ್‌ವರೆಗೆ: ಥಾನಿ ಮತ್ತು ಹಾದಿಯಲ್ಲಿ ಸಿಕ್ಕ ಇತರ ಸಾಧನಗಳು

ಬಣ್ಣದ ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಕಟ್ಟುವ ಸ್ಕ್ರಾಚ್ ಎಂಬ ತಂತ್ರಾಂಶದಲ್ಲಿ ಹನ್ನೆರಡು ವರ್ಷದ ಮಗಳು ಕಟ್ಟಿದ್ದ ಆಟವೊಂದರಲ್ಲಿ ಮೇಲಿನಿಂದ ಉದುರುತ್ತಿದ್ದ ಬಂಡೆಗಳು ಸ್ವಲ್ಪ ಹೊತ್ತಿನ ನಂತರ ಬೀಳುವುದನ್ನೇ ನಿಲ್ಲಿಸಿಬಿಡುತ್ತಿದ್ದವು. ಹಡಗು ಎಂದಿನಂತೆ ಚಲಿಸುತ್ತಿತ್ತು, ಸಂಗೀತ ಕೇಳುತ್ತಿತ್ತು, ಅಂಕವೂ ಏರುತ್ತಿತ್ತು. ಬಂಡೆಗಳು ಮಾತ್ರ ಬರುತ್ತಿರಲಿಲ್ಲ. ಎರಡು ಸಂಜೆ ಹುಡುಕಿದ ಮೇಲೆ ಕಾರಣ ತಿಳಿಯಿತು: ಪರದೆಯ ತಳ ಮುಟ್ಟಿದ ಪ್ರತಿ ಬಂಡೆಯನ್ನೂ ಅವಳು ಮರೆಮಾಡುತ್ತಿದ್ದಳೇ ಹೊರತು ಅಳಿಸುತ್ತಿರಲಿಲ್ಲ, ಮತ್ತು ಒಂದು ಪ್ರಾಜೆಕ್ಟ್‌ನಲ್ಲಿ ಏಕಕಾಲಕ್ಕೆ 300ಕ್ಕಿಂತ ಹೆಚ್ಚು ಕ್ಲೋನ್‌ಗಳು, ಅಂದರೆ ಆ ಬಂಡೆಗಳಂಥ ನಕಲು ಪ್ರತಿಗಳು, ಇರಲು ಸ್ಕ್ರಾಚ್ ಬಿಡುವುದಿಲ್ಲ. ಸರಿಪಡಿಸಲು ಒಂದೇ ಬ್ಲಾಕ್ ಸಾಕಾಯಿತು. ಆದರೆ ಮಿತಿ ಮುಟ್ಟಿದಾಗ ಆ ತಂತ್ರಾಂಶ ಒಂದು ಮಾತನ್ನೂ ಆಡದೆ ಸುಮ್ಮನಾದದ್ದು ನನ್ನ ಮನಸ್ಸಿನಲ್ಲಿ ಉಳಿಯಿತು. ಚಿಕ್ಕ ಮಕ್ಕಳನ್ನು ಹೆದರಿಸಬಾರದೆಂಬ ಕಾಳಜಿಯಿಂದ ಹುಟ್ಟಿದ ಆ ಮೌನವೇ ಈಗ ಅವಳ ಕಲಿಕೆಗೆ ಅಡ್ಡ ಬರುತ್ತಿದೆ ಎಂದು ಅನ್ನಿಸಿದ ದಿನದಿಂದ, ಬ್ಲಾಕ್‌ಗಳ ಆಚೆಗೆ ಕರೆದೊಯ್ಯುವ ಸಾಧನಗಳನ್ನು ಒಂದೊಂದಾಗಿ ಅವಳೊಡನೆ ಕುಳಿತು ಬಳಸಿ ನೋಡತೊಡಗಿದೆ. ಎಂಟು ತಿಂಗಳ ಆ ಬಳಕೆಯಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಭಾಗ ಟೈಪ್ ಮಾಡಿ ಬರೆಯುವ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ಗೆ ಇರುವ ಥಾನಿ ಎಂಬ ಎಡಿಟರ್‌ನ ಕುರಿತಾಗಿದೆ, ಏಕೆಂದರೆ ಈ ದಾಟುವಿಕೆಯಲ್ಲಿ ನಮಗೆ ನಿಜವಾಗಿ ಕೈಹಿಡಿದದ್ದು ಅದು.

ಮೊದಲಿಗೆ ಸ್ಕ್ರಾಚ್‌ಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡುತ್ತೇನೆ. ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ ಈ ತಂತ್ರಾಂಶ 8ರಿಂದ 16 ವರ್ಷದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 2019ರ ಜನವರಿಯಲ್ಲಿ ಬಂದ ಮೂರನೇ ಆವೃತ್ತಿಯೇ ಇಂದು ಬಹುತೇಕ ಮಕ್ಕಳ ಕೈಯಲ್ಲಿರುವುದು. ಲೂಪ್ (ಮತ್ತೆ ಮತ್ತೆ ಓಡುವ ಭಾಗ), ಷರತ್ತು, ವೇರಿಯಬಲ್ (ಮೌಲ್ಯವೊಂದನ್ನು ಇಟ್ಟುಕೊಳ್ಳುವ ಹೆಸರು), ಸಂದೇಶ ಪ್ರಸಾರ, ಇವೆಲ್ಲ ಅವಳಿಗೆ ಅಲ್ಲಿಂದಲೇ ಬಂದವು, ಮತ್ತು ಚೆನ್ನಾಗಿಯೇ ಬಂದವು. ಆದ್ದರಿಂದ ವಯಸ್ಸಾಯಿತೆಂದು ಮಗುವನ್ನು ಸ್ಕ್ರಾಚ್‌ನಿಂದ ಎಬ್ಬಿಸುವುದು ನನಗೆ ಒಪ್ಪಿಗೆಯಿಲ್ಲ. ಹೊರಡುವ ಹೊತ್ತಾಯಿತೆಂದು ಮಗುವಿನ ಪ್ರಾಜೆಕ್ಟ್‌ಗಳೇ ಹೇಳುತ್ತವೆ. ನಮ್ಮಲ್ಲಿ ಅಂಥ ಸುಳಿವುಗಳು ಎರಡು ಕಂಡವು. ತಾನೇ ಮಾಡಿದ ಬ್ಲಾಕ್ ಒಂದು ಲೆಕ್ಕ ಮಾಡಿ ಉತ್ತರವನ್ನು ಹಿಂದಿರುಗಿಸಬೇಕೆಂದು ಅವಳು ಬಯಸಿದಳು. ಸ್ಕ್ರಾಚ್‌ನಲ್ಲಿ ನಾವು ಮಾಡಿಕೊಳ್ಳುವ ಬ್ಲಾಕ್‌ಗಳಿಗೆ ಆ ಶಕ್ತಿಯಿಲ್ಲದ ಕಾರಣ ‘ಉತ್ತರ 1’, ‘ಉತ್ತರ 2’ ಎಂಬ ವೇರಿಯಬಲ್‌ಗಳು ಪ್ರಾಜೆಕ್ಟ್ ತುಂಬ ಹರಡಿಕೊಂಡವು. ಆಮೇಲೆ ಚೌಕಗಳ ನಕ್ಷೆಯೊಂದನ್ನು ಮಾಡಲು ಹೊರಟಾಗ, ಪಟ್ಟಿಯೊಳಗೆ ಇನ್ನೊಂದು ಪಟ್ಟಿಯನ್ನು ಇಡಲಾಗದ್ದರಿಂದ ಎಲ್ಲ ಚೌಕಗಳನ್ನೂ ಒಂದೇ ಉದ್ದನೆಯ ಪಟ್ಟಿಯಾಗಿ ಬರೆದು, ಸಾಲು ಮತ್ತು ಕಂಬದ ಲೆಕ್ಕವನ್ನು ಗುಣಾಕಾರದಿಂದ ಕಂಡುಹಿಡಿಯುವ ಉಪಾಯವನ್ನು ಅವಳು ತಾನೇ ಹೂಡಿದಳು. ಆ ಉಪಾಯವನ್ನು ಕಂಡು ನನಗೆ ಹೆಮ್ಮೆಯಾಯಿತು. ಜೊತೆಗೆ, ಆಟಕ್ಕೆ ಹೋಗಬೇಕಾದ ಅವಳ ಶ್ರಮದ ಅರ್ಧ ಭಾಗ ಸಾಧನದ ಕೊರತೆಯನ್ನು ತುಂಬುವುದಕ್ಕೇ ಹೋಗುತ್ತಿದೆ ಎಂಬುದೂ ಕಣ್ಣಿಗೆ ಬಿತ್ತು.

ಈ ಎರಡು ಕೊರತೆಗಳಿಗೆ ಬ್ಲಾಕ್‌ಗಳನ್ನು ಬಿಡದೆಯೇ ಉತ್ತರ ಕೊಡುವುದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನ್ಯಾಪ್. ಯೆನ್ಸ್ ಮೋನಿಗ್ ಮತ್ತು ಬ್ರಯಾನ್ ಹಾರ್ವೆ ಕಟ್ಟಿದ ಇದು ನೋಡಲು ಸ್ಕ್ರಾಚ್‌ನ ಹಳೆಯ ಆವೃತ್ತಿಯಂತಿದ್ದರೂ ಒಳಗೆ ಬೇರೆಯೇ ತೂಕದ ಸಾಧನ. ನಾವು ಮಾಡಿದ ಬ್ಲಾಕ್ ಇಲ್ಲಿ ಉತ್ತರವನ್ನು ಹಿಂದಿರುಗಿಸುತ್ತದೆ, ಪಟ್ಟಿಯೊಳಗೆ ಪಟ್ಟಿ ಕೂರುತ್ತದೆ, ಒಂದು ಬ್ಲಾಕನ್ನು ಬೂದು ಬಣ್ಣದ ಉಂಗುರದೊಳಗೆ ಇಟ್ಟು ಇನ್ನೊಂದು ಬ್ಲಾಕ್‌ಗೆ ಕೊಡಬಹುದು. ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಒಂದೇ ಲೆಕ್ಕವನ್ನು ಅನ್ವಯಿಸುವ ಬ್ಲಾಕನ್ನು ಅವಳು ಮೊದಲ ಸಲ ಬಳಸಿದಾಗ, ಹಿಂದೆ ಒಂಬತ್ತು ಬ್ಲಾಕ್‌ಗಳಲ್ಲಿ ಮಾಡುತ್ತಿದ್ದ ಕೆಲಸ ಎರಡಕ್ಕೆ ಇಳಿಯಿತು. ಹೆಜ್ಜೆಗುರುತಿನ ಚಿಹ್ನೆಯನ್ನು ಒತ್ತಿದರೆ ಪ್ರೋಗ್ರಾಮ್ ನಿಧಾನವಾಗಿ, ಈಗ ಯಾವ ಬ್ಲಾಕ್ ಓಡುತ್ತಿದೆ ಎಂಬುದನ್ನು ತೋರಿಸುತ್ತ ಸಾಗುತ್ತದೆ. ಈ ಒಂದು ಸೌಲಭ್ಯಕ್ಕಾಗಿಯೇ ಸ್ನ್ಯಾಪ್ ಅನ್ನು ಒಂದೆರಡು ತಿಂಗಳು ಬಳಸುವುದು ಸಾರ್ಥಕ. ಕೊರತೆಯೆಂದರೆ, ಪರದೆ ತುಂಬ ಒತ್ತೊತ್ತಾಗಿದೆ, ಮತ್ತು ಸ್ಕ್ರಾಚ್‌ನಲ್ಲಿ ಸಿಗುವ ಅಷ್ಟು ದೊಡ್ಡ ಓರಗೆಯ ಬಳಗ ಇಲ್ಲಿ ಸಿಗುವುದಿಲ್ಲ. ತನ್ನ ಆಟವನ್ನು ಬೇರೆ ಮಕ್ಕಳು ಆಡಿ ನೋಡಬೇಕೆಂಬ ಆಸೆಯೇ ಮುಖ್ಯವಾಗಿರುವ ಮಗುವಿಗೆ ಈ ನಷ್ಟ ಸಣ್ಣದಲ್ಲ.

ನಂತರ ಬಂದದ್ದು ಮೈಕ್ರೋಸಾಫ್ಟ್‌ನ ಮೇಕ್‌ಕೋಡ್, ಮತ್ತು ಅದರೊಡನೆ ಬಿಬಿಸಿ 2016ರಲ್ಲಿ ಹೊರತಂದ ಮೈಕ್ರೋಬಿಟ್ ಎಂಬ ಅಂಗೈಯಗಲದ ಸರ್ಕ್ಯೂಟ್ ಬೋರ್ಡ್. 25 ಪುಟ್ಟ ದೀಪಗಳು, ಎರಡು ಗುಂಡಿಗಳು, ಅಲುಗಾಟವನ್ನು ಗುರುತಿಸುವ ಸೆನ್ಸರ್. ಇಷ್ಟರಲ್ಲೇ ಒಂದು ವಾರ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಮೇಕ್‌ಕೋಡ್‌ನ ದೊಡ್ಡ ಆಕರ್ಷಣೆ ಪರದೆಯ ಮೇಲ್ಭಾಗದಲ್ಲಿರುವ ಸ್ವಿಚ್: ಅದನ್ನು ಒತ್ತಿದರೆ ಜೋಡಿಸಿದ ಬ್ಲಾಕ್‌ಗಳೆಲ್ಲ ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಸಾಲುಗಳಾಗಿ ಕಾಣಿಸುತ್ತವೆ, ಮತ್ತೆ ಒತ್ತಿದರೆ ಬ್ಲಾಕ್‌ಗಳು ಮರಳುತ್ತವೆ. ಬ್ಲಾಕ್‌ಗೂ ಬರಹಕ್ಕೂ ನಡುವೆ ಇದಕ್ಕಿಂತ ಒಳ್ಳೆಯ ಸೇತುವೆ ಇರಲಾರದೆಂದು ನಾನು ಮೊದಲು ಭಾವಿಸಿದ್ದೆ. ಬಳಸುತ್ತ ಹೋದಂತೆ ಆ ಅಭಿಪ್ರಾಯ ಬದಲಾಯಿತು. ಮಗಳು ಆ ಸ್ವಿಚ್ಚನ್ನು ಒತ್ತಿ ನೋಡುತ್ತಿದ್ದಳು, ‘ಓ, ಹೀಗಾ’ ಎನ್ನುತ್ತಿದ್ದಳು, ಮತ್ತೆ ಬ್ಲಾಕ್‌ಗಳಿಗೆ ಮರಳಿ ಅಲ್ಲಿಯೇ ಕೆಲಸ ಮಾಡುತ್ತಿದ್ದಳು. ಹಿಂದಿರುಗುವ ದಾರಿ ಅಷ್ಟು ಸುಲಭವಿದ್ದಾಗ ಮುಂದೆ ಹೋಗಲು ಯಾರಿಗೂ ಕಾರಣವಿರುವುದಿಲ್ಲ. ಬರಹದಲ್ಲಿ ಸ್ವಲ್ಪ ಧೈರ್ಯ ಮಾಡಿ ಏನಾದರೂ ಬರೆದು ಬ್ಲಾಕ್‌ಗಳಿಗೆ ಮರಳಿದರೆ, ಅನುವಾದವಾಗದ ಭಾಗ ಬೂದು ಬಣ್ಣದ ಗಟ್ಟಿ ಬ್ಲಾಕ್ ಆಗಿ ಕೂರುತ್ತದೆ. ಅದನ್ನು ಕಂಡು ತಾನೇನೋ ಕೆಡಿಸಿದೆನೆಂದು ಅವಳು ಭಾವಿಸಿದಳು.

ಇದಕ್ಕಿಂತ ಗಂಭೀರವಾದ ಇನ್ನೊಂದು ತೊಡಕನ್ನು ಪೋಷಕರು ಮೊದಲೇ ತಿಳಿದಿರುವುದು ಒಳ್ಳೆಯದು. ಮೇಕ್‌ಕೋಡ್ ತೋರಿಸುವ ಪೈಥಾನ್‌ಗೂ ಮೈಕ್ರೋಬಿಟ್‌ನ ಸ್ವಂತ ಪೈಥಾನ್ ಎಡಿಟರ್‌ನಲ್ಲಿರುವ ಮೈಕ್ರೋಪೈಥಾನ್‌ಗೂ ಆಜ್ಞೆಗಳೇ ಬೇರೆ. ದೀಪಗಳ ಮೇಲೆ ಹೆಸರು ಹರಿಸಲು ಒಂದರಲ್ಲಿ ‘ಬೇಸಿಕ್’ ಎಂಬ ಗುಂಪಿನ ಆಜ್ಞೆ ಬೇಕು, ಇನ್ನೊಂದರಲ್ಲಿ ‘ಡಿಸ್‌ಪ್ಲೇ’ ಎಂಬುದರ ಆಜ್ಞೆ ಬೇಕು. ಒಂದರಲ್ಲಿ ‘ಫಾರೆವರ್’ ಎಂಬ ಬ್ಲಾಕಿನ ನೆರಳು ಉಳಿದಿದ್ದರೆ ಇನ್ನೊಂದರಲ್ಲಿ ನೇರವಾಗಿ ‘ವೈಲ್ ಟ್ರೂ’ ಎಂದು ಬರೆಯಬೇಕು. ಇಲ್ಲಿ ಕಲಿತ ಸಾಲುಗಳನ್ನು ಅಲ್ಲಿ ಬರೆದು ಅವು ಓಡದಿದ್ದಾಗ ಮಗು ದೂರುವುದು ತನ್ನನ್ನೇ. ಹೀಗಾಗಿ ಮೇಕ್‌ಕೋಡ್ ಅನ್ನು ಬ್ಲಾಕ್ ಸಾಧನವಾಗಿಯೇ, ಯಂತ್ರವೊಂದನ್ನು ಕೈಯಲ್ಲಿ ಹಿಡಿದು ಆಡಿಸುವ ಖುಷಿಗಾಗಿಯೇ ಬಳಸಿರಿ ಎಂದು ಹೇಳುತ್ತೇನೆ. ಆ ಕೆಲಸದಲ್ಲಿ ಅದನ್ನು ಮೀರಿಸುವುದನ್ನು ನಾನು ಕಂಡಿಲ್ಲ; ಬೋರ್ಡ್ ಇಲ್ಲದಿದ್ದರೂ ಪರದೆಯ ಪಕ್ಕದಲ್ಲಿ ಅದರದೊಂದು ಪ್ರತಿರೂಪವೇ ಓಡುತ್ತಿರುತ್ತದೆ.

ನಡುವೆ ಒಂದು ತಪ್ಪು ಹೆಜ್ಜೆಯನ್ನೂ ಇಟ್ಟೆವು. ಬ್ಲಾಕ್‌ನಿಂದ ಪೈಥಾನ್‌ಗೆ ಎಂಬ ಹೆಸರಿನ ಆನ್‌ಲೈನ್ ತರಗತಿಯೊಂದಕ್ಕೆ ಅವಳನ್ನು ಸೇರಿಸಿದೆ. ಮೊದಲ ದಿನವೇ ಖಾಲಿ ಎಡಿಟರ್ ಒಂದನ್ನು ತೆರೆಸಿ, ಪರದೆಯಲ್ಲಿ ತೋರಿಸಿದ ನಲವತ್ತು ಸಾಲುಗಳನ್ನು ನೋಡಿ ಟೈಪ್ ಮಾಡಲು ಹೇಳಿದರು. ಎಲ್ಲೋ ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಕೆಂಪಕ್ಷರದ ಸಂದೇಶ ಬಂತು, ಅದನ್ನು ಓದಲು ಯಾರೂ ಕಲಿಸಲಿಲ್ಲ, ಮುಂದಿನ ಸ್ಲೈಡ್ ಬಂದೇಬಿಟ್ಟಿತು. ಎರಡು ವರ್ಷದಿಂದ ತನ್ನ ಆಟಗಳನ್ನು ತಾನೇ ಕಟ್ಟುತ್ತಿದ್ದ ಹುಡುಗಿ ಅಂದು ತನಗೆ ಕೋಡಿಂಗ್ ಬರುವುದೇ ಇಲ್ಲವೆಂದು ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು. ಬ್ಲಾಕ್ ದಾಟುವುದೆಂದರೆ ಟೈಪಿಂಗ್ ಕಲಿಯುವುದೆಂದು ಭಾವಿಸಿದವರು ಮಾಡುವ ತಪ್ಪು ಇದು. ಟೈಪಿಂಗ್‌ನ ಕಷ್ಟ ಕೆಲವೇ ವಾರಗಳದ್ದು. ಬ್ಲಾಕ್‌ಗಳು ಇಷ್ಟು ದಿನ ಮಗುವಿನ ಪರವಾಗಿ ಸದ್ದಿಲ್ಲದೆ ನಡೆಸಿಕೊಂಡು ಬಂದ ಕೆಲಸಗಳು ಒಂದೊಂದಾಗಿ ಮಗುವಿನ ಹೆಗಲಿಗೆ ಬರುತ್ತವಲ್ಲ, ಕಷ್ಟವಿರುವುದು ಅಲ್ಲಿ. ಆದಕಾರಣ ಈ ಹಂತದ ಸಾಧನವನ್ನು ಅಳೆಯುವಾಗ ನಾನು ಕೇಳುವ ಪ್ರಶ್ನೆ ಒಂದೇ: ಓಡುತ್ತಿರುವ ಪ್ರೋಗ್ರಾಮಿನ ಒಳಗನ್ನು ಇದು ಎಷ್ಟರಮಟ್ಟಿಗೆ ಕಣ್ಣಿಗೆ ಕಾಣುವಂತೆ ಮಾಡುತ್ತದೆ?

ಥಾನಿ ಈ ಪ್ರಶ್ನೆಗಾಗಿಯೇ ಹುಟ್ಟಿದಂತಿದೆ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಐವರ್ ಅನ್ನಮಾ ಅವರು ಆರಂಭಿಕರಿಗಾಗಿ ರೂಪಿಸಿದ ಈ ಎಡಿಟರ್ ಉಚಿತ ಮತ್ತು ಮುಕ್ತ ತಂತ್ರಾಂಶ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇದರೊಂದಿಗೆ ಪೈಥಾನ್ ಕೂಡ ಬರುವುದರಿಂದ ಬೇರೆಯಾಗಿ ಏನನ್ನೂ ಅನುಸ್ಥಾಪಿಸಬೇಕಿಲ್ಲ. ತೆರೆದಾಗ ಮೇಲೆ ಬರೆಯುವ ಜಾಗ, ಕೆಳಗೆ ಉತ್ತರಗಳು ಮೂಡುವ ಶೆಲ್, ಮೇಲ್ತುದಿಯಲ್ಲಿ ಕೆಲವೇ ಗುಂಡಿಗಳು. ಅದರ ಸರಳತೆಯನ್ನು ನೋಡಿ ಇದೊಂದು ಆಟಿಕೆಯೆಂದು ಕೆಲವರು ಬದಿಗಿಡುತ್ತಾರೆ. ವ್ಯೂ ಮೆನುವಿನಲ್ಲಿ ‘ವೇರಿಯಬಲ್ಸ್’ ಎಂಬುದನ್ನು ಆರಿಸಿ, ಕಂಟ್ರೋಲ್ ಮತ್ತು ಎಫ್5 ಕೀಲಿಗಳನ್ನು ಒಟ್ಟಿಗೆ ಒತ್ತಿ ಡಿಬಗರ್ ಅನ್ನು, ಅಂದರೆ ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಯಾಗಿ ಓಡಿಸಿ ತೋರಿಸುವ ಸೌಲಭ್ಯವನ್ನು, ಆರಂಭಿಸಿದ ಮೇಲೆ ಆ ಅಭಿಪ್ರಾಯ ಉಳಿಯುವುದಿಲ್ಲ.

ಅಲ್ಲಿಂದ ಮುಂದೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಅಂಕದ ಮೌಲ್ಯ 17 ಇದೆ, ಮತ್ತು ‘ಅಂಕ + 5 > 20 ಆಗಿದ್ದರೆ’ ಎಂಬ ಅರ್ಥದ ಸಾಲೊಂದಿದೆ ಎಂದಿಟ್ಟುಕೊಳ್ಳಿ. ಎಫ್7 ಒತ್ತಿದರೆ ಥಾನಿ ಆ ಸಾಲಿನ ಒಳಕ್ಕೇ ಇಳಿಯುತ್ತದೆ. ಮೊದಲು ‘ಅಂಕ’ ಎಂಬ ಪದದ ಜಾಗದಲ್ಲಿ 17 ಬಂದು ಕೂರುತ್ತದೆ. ಇನ್ನೆರಡು ಸಲ ಒತ್ತುವಷ್ಟರಲ್ಲಿ 17 + 5 ಕರಗಿ 22 ಆಗುತ್ತದೆ. ಕೊನೆಗೆ 22 > 20 ಎಂಬುದು ‘ಟ್ರೂ’ ಎಂಬ ಒಂದೇ ಪದವಾಗಿ ಉಳಿಯುತ್ತದೆ, ಆಮೇಲಷ್ಟೇ ಪ್ರೋಗ್ರಾಮ್ ಷರತ್ತಿನ ಒಳಗಿನ ಸಾಲಿಗೆ ಹೋಗುತ್ತದೆ. ಗಣಿತದ ಪುಸ್ತಕದಲ್ಲಿ ಒಂದೊಂದೇ ಹಂತವಾಗಿ ಲೆಕ್ಕ ಬಿಡಿಸುವ ಕ್ರಮ ಇದು. ಸ್ಕ್ರಾಚ್‌ನಲ್ಲಿ ಒಂದರೊಳಗೊಂದು ಕೂರುತ್ತಿದ್ದ ದುಂಡನೆಯ ಮತ್ತು ಷಟ್ಕೋನದ ಬ್ಲಾಕ್‌ಗಳ ಆಕಾರವೇ ಯಾವುದು ಮೊದಲು ಎಂದು ಹೇಳುತ್ತಿತ್ತು. ಬರಹದಲ್ಲಿ ಆಕಾರ ಮಾಯವಾಗುತ್ತದೆ. ಕಳೆದುಹೋದ ಆ ಆಕಾರವನ್ನು ಥಾನಿ ಹೀಗೆ ಕ್ಷಣಕಾಲ ಮರಳಿ ತಂದುಕೊಡುತ್ತದೆ.

ಫಂಕ್ಷನ್ ಅನ್ನು, ಅಂದರೆ ಹೆಸರಿಟ್ಟು ಬೇಕಾದಾಗ ಬಳಸುವ ಸಾಲುಗಳ ಗುಂಪನ್ನು, ಕರೆಯುವ ಸಾಲು ಬಂದಾಗ ಇನ್ನೂ ಒಳ್ಳೆಯದೊಂದು ಕಾಣುತ್ತದೆ. ಪ್ರತಿ ಕರೆಗೂ ಹೊಸ ಕಿಟಕಿಯೊಂದು ತೆರೆದುಕೊಂಡು, ಆ ಕರೆಗೆ ಸೇರಿದ ವೇರಿಯಬಲ್‌ಗಳು ಅದರಲ್ಲೇ ಇರುತ್ತವೆ. ಕೆಲಸ ಮುಗಿದೊಡನೆ ಕಿಟಕಿ ಮುಚ್ಚಿ ಉತ್ತರ ಮಾತ್ರ ಹಿಂದಿನ ಕಿಟಕಿಗೆ ಬರುತ್ತದೆ. ಕೊಂಬೆಯಿಂದ ಕೊಂಬೆ ಕವಲೊಡೆಯುವ ಮರವೊಂದನ್ನು, ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್‌ನಿಂದ ಬಿಡಿಸುವಾಗ ನಾಲ್ಕು ಕಿಟಕಿಗಳು ಒಂದರ ಮೇಲೊಂದು ಪೇರಿಕೊಂಡವು, ಪ್ರತಿಯೊಂದರಲ್ಲೂ ಕೊಂಬೆಯ ಉದ್ದ ಬೇರೆ ಬೇರೆ ಇತ್ತು. ರಿಕರ್ಶನ್ ಎಂಬ ಪದವನ್ನು ನಾನು ಉಚ್ಚರಿಸುವ ಮೊದಲೇ ಅವಳಿಗೆ ಅದು ಅರ್ಥವಾಗಿತ್ತು. ಪದವಿ ತರಗತಿಯಲ್ಲಿ ಇದನ್ನೇ ಕರಿಹಲಗೆಯ ಮೇಲೆ ಕಲಿತು ವಾರಗಟ್ಟಲೆ ಗೊಂದಲಪಟ್ಟಿದ್ದ ನನಗೆ ಆ ಸಂಜೆ ನಿಜಕ್ಕೂ ಸಂತೋಷದ್ದಾಗಿತ್ತು.

ಇಷ್ಟಾದರೂ ಥಾನಿಯ ಬೆಲೆ ನನಗೆ ಪೂರ್ತಿ ತಿಳಿದದ್ದು ಬೇರೊಂದು ತಪ್ಪಿನಿಂದ. ಸ್ಕ್ರಾಚ್‌ನಲ್ಲಿ ಹಸಿರು ಬಾವುಟ ಒತ್ತಿದೊಡನೆ ಐದಾರು ಸ್ಕ್ರಿಪ್ಟ್‌ಗಳು ಒಟ್ಟಿಗೆ ಓಡುತ್ತವೆ. ಒಂದು ಹಡಗನ್ನು ನಡೆಸುತ್ತದೆ, ಇನ್ನೊಂದು ಬಂಡೆ ಉದುರಿಸುತ್ತದೆ, ಮತ್ತೊಂದು ಸಮಯ ಎಣಿಸುತ್ತದೆ, ಮತ್ತು ಇವುಗಳ ಸರದಿಯನ್ನು ಸ್ಕ್ರಾಚ್ ತಾನೇ ನೋಡಿಕೊಳ್ಳುತ್ತದೆ. ಆ ಅಭ್ಯಾಸದಲ್ಲೇ ಅವಳು ಪೈಥಾನ್‌ನಲ್ಲಿ ಎರಡು ‘ವೈಲ್ ಟ್ರೂ’ ಲೂಪ್‌ಗಳನ್ನು ಒಂದರ ಕೆಳಗೊಂದು ಬರೆದಳು. ಮೊದಲನೆಯದು ಓಡಿತು, ಎರಡನೆಯದು ಓಡಲಿಲ್ಲ, ದೋಷದ ಸಂದೇಶವೂ ಬರಲಿಲ್ಲ. ನಾನು ವಿವರಿಸಲು ಬಾಯಿ ತೆರೆದು, ತಡೆದು, ಡಿಬಗರ್ ಓಡಿಸಿ ನೋಡಲು ಹೇಳಿದೆ. ಈಗ ಓಡುತ್ತಿರುವ ಸಾಲನ್ನು ತೋರಿಸುವ ಗುರುತು ಮೊದಲ ಲೂಪಿನ ನಾಲ್ಕು ಸಾಲುಗಳಲ್ಲೇ ಸುತ್ತುತ್ತಿತ್ತು; ಕೆಳಗಿನ ಲೂಪಿನ ಕಡೆಗೆ ಒಮ್ಮೆಯೂ ಇಳಿಯಲಿಲ್ಲ. ಹತ್ತು ಹನ್ನೆರಡು ಸಲ ಕೀಲಿ ಒತ್ತಿದ ಮೇಲೆ ಅವಳೇ ಹೇಳಿದಳು: “ಅಮ್ಮ, ಇದು ಇಲ್ಲಿಂದ ಹೊರಗೇ ಬರಲ್ಲ ನೋಡು. ಕೆಳಗಡೆ ಇರೋದಕ್ಕೆ ಸರದಿನೇ ಸಿಗಲ್ಲ.” ಬ್ಲಾಕ್‌ನಿಂದ ಬಂದ ಮಗುವಿಗೆ ದಾಟಬೇಕಾದ ಅತಿ ದೊಡ್ಡ ಹೊಳೆ ಇದೇ ಎಂಬುದು ನನ್ನ ನಂಬಿಕೆ, ಮತ್ತು ಅದನ್ನು ಅವಳು ಯಾರ ಪಾಠವೂ ಇಲ್ಲದೆ ಕಣ್ಣಿನಿಂದ ನೋಡಿ ದಾಟಿದಳು.

ಚಿಕ್ಕ ತೊಡಕುಗಳು ಇನ್ನೂ ಹಲವು ಬಂದವು. ಸ್ಕ್ರಾಚ್‌ನ ‘ರಿಪೀಟ್ ಅಂಟಿಲ್’ ಷರತ್ತು ನಿಜವಾಗುವವರೆಗೆ ಓಡುತ್ತದೆ, ಪೈಥಾನ್‌ನ ‘ವೈಲ್’ ಷರತ್ತು ನಿಜವಾಗಿರುವಷ್ಟು ಕಾಲ ಓಡುತ್ತದೆ. ಹಳೆಯ ಷರತ್ತನ್ನು ಹಾಗೆಯೇ ತಂದಿಟ್ಟರೆ ಲೂಪ್ ಒಳಗೇ ಹೋಗುವುದಿಲ್ಲ. ಪಟ್ಟಿಯ ಮೊದಲ ಅಂಶದ ಸಂಖ್ಯೆ ಅಲ್ಲಿ 1, ಇಲ್ಲಿ 0. ಅಕ್ಷರಗಳಿಗೆ ಸಂಖ್ಯೆ ಕೂಡಿಸಿದರೆ ಸ್ಕ್ರಾಚ್ ಆ ಅಕ್ಷರಗಳನ್ನು ಸೊನ್ನೆಯೆಂದು ತಿಳಿದು ಮುಂದೆ ಸಾಗುತ್ತದೆ, ಪೈಥಾನ್ ನಿಂತು ಟೈಪ್ ಎರರ್ ಎನ್ನುತ್ತದೆ. ಬಳಕೆದಾರರಿಂದ 5 ಮತ್ತು 3ನ್ನು ಕೇಳಿ ಪಡೆದು ಹಾಗೆಯೇ ಕೂಡಿಸಿದರೆ 53 ಎಂಬ ಉತ್ತರ ಬರುತ್ತದೆ. ವೇರಿಯಬಲ್ಸ್ ಪಟ್ಟಿಯಲ್ಲಿ ಆ 5ರ ಎರಡೂ ಬದಿಗೆ ಉದ್ಧರಣ ಚಿಹ್ನೆಗಳು ಇರುವುದನ್ನು ಒಮ್ಮೆ ತೋರಿಸಿದ್ದಷ್ಟೇ, ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಮುಚ್ಚದೆ ಬಿಟ್ಟ ಆವರಣ ಮತ್ತು ಉದ್ಧರಣ ಚಿಹ್ನೆಗಳನ್ನು ಬರೆಯುತ್ತಿರುವಾಗಲೇ ಬಣ್ಣದಿಂದ ಎತ್ತಿ ತೋರಿಸುವುದು ಥಾನಿಯ ಇನ್ನೊಂದು ಉಪಕಾರ. ಆ ತರಗತಿಯಲ್ಲಿ ಅವಳ ಕಣ್ಣಲ್ಲಿ ನೀರು ತರಿಸಿದ ತಪ್ಪು ಇದರಲ್ಲಿ ಒಂದು ನಿಮಿಷವೂ ಅಡಗಿರುತ್ತಿರಲಿಲ್ಲ.

ಭಾಷೆಯ ಕುರಿತು ಒಂದು ಮಾತು. ಪೈಥಾನ್ 3 ವೇರಿಯಬಲ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಸ್ವೀಕರಿಸುತ್ತದೆ. ‘ಅಂಕ’, ‘ವೇಗ’, ‘ಬಂಡೆಗಳು’ ಎಂದು ಬರೆದು ಆಟ ಓಡಿಸಿದಾಗ ಅವಳಿಗಿಂತ ಹೆಚ್ಚು ಹಿಗ್ಗಿದ್ದು ನಾನು. ಒಂದು ಎಚ್ಚರ ಬೇಕು. ‘ಲೈಫ್‌ಗಳು’ ಎಂಬಂಥ ಪದದಲ್ಲಿ ಅರ್ಧಾಕ್ಷರ ಒತ್ತಕ್ಷರವಾಗದಂತೆ ತಡೆಯಲು ಕೀಲಿಮಣೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ನಡುವೆ ಸೇರಿಸುತ್ತದೆ, ಮತ್ತು ಪೈಥಾನ್ ಆ ಚಿಹ್ನೆಯನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ನೋಡಲು ಸರಿಯಾಗಿಯೇ ಇರುವ ಸಾಲು ದೋಷ ಕೊಡತೊಡಗಿದರೆ ಇದನ್ನು ಮೊದಲು ಅನುಮಾನಿಸಿರಿ. ಅಂಥ ಹೆಸರುಗಳ ಬದಲು ‘ಜೀವ’ ಎಂದಿಟ್ಟುಕೊಂಡರೆ ತಕರಾರಿಲ್ಲ.

ಥಾನಿಯಲ್ಲಿ ಮೊದಲ ತಿಂಗಳು ಏನು ಮಾಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಟರ್ಟಲ್, ಅಂದರೆ ಚಲಿಸುತ್ತ ಗೆರೆ ಎಳೆಯುವ ಆಮೆ. 1967ರಲ್ಲಿ ಹುಟ್ಟಿದ ಲೋಗೋ ಭಾಷೆಯಿಂದ ಬಂದ ಈ ಆಮೆ ಪೈಥಾನ್‌ನೊಂದಿಗೆ ತಾನಾಗಿಯೇ ಬರುತ್ತದೆ, ಮತ್ತು ಸ್ಕ್ರಾಚ್‌ನ ಬೆಕ್ಕಿನ ಹಾಗೆಯೇ ಪರದೆಯ ನಡುವಿನ ಸೊನ್ನೆ-ಸೊನ್ನೆಯಿಂದ ಹೊರಡುತ್ತದೆ. ದಿಕ್ಕಿನಲ್ಲಿ ಮಾತ್ರ ವ್ಯತ್ಯಾಸವಿದೆ: ಸ್ಕ್ರಾಚ್‌ನಲ್ಲಿ ಮೇಲ್ಮುಖ 0, ಬಲಗಡೆ 90, ಇಲ್ಲಿ ಬಲಗಡೆಯೇ 0, ಅಲ್ಲಿಂದ ಎಡಕ್ಕೆ ತಿರುಗಿದಂತೆ ಕೋನ ಏರುತ್ತದೆ. ಟರ್ಟಲ್‌ನ ಮೋಡ್ ಅನ್ನು ‘ಲೋಗೋ’ ಎಂದು ಬದಲಿಸಿದರೆ ಸ್ಕ್ರಾಚ್‌ನ ಕೋನಗಳೇ ಮರಳುತ್ತವೆ. ಮೊದಲ ವಾರ ಹಾಗೆ ಮಾಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಫೈಲ್‌ಗೆ ಟರ್ಟಲ್ ಎಂದೇ ಹೆಸರಿಡುವುದನ್ನು ಮಾತ್ರ ತಪ್ಪಿಸಿರಿ. ಪೈಥಾನ್ ತನ್ನ ಟರ್ಟಲ್ ಬದಲು ನಿಮ್ಮ ಫೈಲನ್ನೇ ಓದಿಕೊಂಡು ಅರ್ಥವಾಗದ ದೂರು ಹೇಳುತ್ತದೆ. ನಮ್ಮ ಒಂದು ಪೂರ್ತಿ ಭಾನುವಾರದ ಬೆಳಗು ಅದಕ್ಕೇ ಹೋಯಿತು.

ಆಟ ಕಟ್ಟುವ ಆಸೆ ಟರ್ಟಲ್‌ನಿಂದ ತೀರುವುದಿಲ್ಲ. ಅದಕ್ಕೆ ಪೈಗೇಮ್ ಜೀರೋ ಎಂಬ ಲೈಬ್ರರಿ (ಸಿದ್ಧ ಕೋಡ್‌ನ ಸಂಗ್ರಹ) ಸೂಕ್ತವಾಗಿದೆ. ಟೂಲ್ಸ್ ಮೆನುವಿನಿಂದ ಅದನ್ನು ಸೇರಿಸಿಕೊಂಡು, ರನ್ ಮೆನುವಿನಲ್ಲಿ ಅದರ ಹೆಸರಿನ ಆಯ್ಕೆಗೆ ಗುರುತು ಹಾಕಿದರೆ ಥಾನಿಯಿಂದಲೇ ಓಡುತ್ತದೆ. ಸ್ಕ್ರಾಚ್‌ನಲ್ಲಿ ಸ್ಪ್ರೈಟ್ ಎನ್ನುವ ಚಲಿಸುವ ಚಿತ್ರ ಇಲ್ಲಿ ‘ಆಕ್ಟರ್’. ಚಿತ್ರಗಳು ‘ಇಮೇಜಸ್’ ಎಂಬ ಫೋಲ್ಡರ್‌ನಲ್ಲಿ ಸಣ್ಣಕ್ಷರದ ಹೆಸರಿನಲ್ಲಿರಬೇಕು. ‘ಅಪ್‌ಡೇಟ್’ ಎಂಬ ಫಂಕ್ಷನ್ ಬರೆದರೆ ಅದನ್ನು ಲೈಬ್ರರಿಯೇ ಸೆಕೆಂಡಿಗೆ 60 ಸಲ ಕರೆಯುತ್ತದೆ. ಹಳೆಯ ಬಂಡೆಗಳ ಆಟವನ್ನು ಮಗಳು ಇದರಲ್ಲಿ ಮತ್ತೆ ಬರೆದ ದಿನ ಎರಡು ವಿಚಿತ್ರಗಳು ಕಂಡವು. ಮೇಲಿನ ಬಾಣದ ಕೀಲಿ ಒತ್ತಿದರೆ ಹಡಗು ಕೆಳಗೆ ಹೋಯಿತು, ಏಕೆಂದರೆ ಇಲ್ಲಿ ಸೊನ್ನೆ ಇರುವುದು ಎಡ ಮೇಲ್ಮೂಲೆಯಲ್ಲಿ, ಲಂಬ ಅಳತೆ ಕೆಳಮುಖವಾಗಿ ಹೆಚ್ಚುತ್ತದೆ. ಜೊತೆಗೆ ಹಡಗು ಮೊದಲಿಗಿಂತ ಎರಡರಷ್ಟು ವೇಗವಾಗಿ ಓಡಿತು. ಪ್ರತಿ ಸುತ್ತಿಗೆ 5 ಹೆಜ್ಜೆ ಎಂಬ ಅದೇ ಲೆಕ್ಕವನ್ನು ಅವಳು ತಂದಿದ್ದಳು. ಸ್ಕ್ರಾಚ್‌ನಲ್ಲಿ ‘ಫಾರೆವರ್’ ಸೆಕೆಂಡಿಗೆ 30 ಸಲ ಸುತ್ತುವುದರಿಂದ ಅದು 150 ಹೆಜ್ಜೆಯಾಗುತ್ತಿತ್ತು, ಇಲ್ಲಿ 300 ಆಯಿತು. ಫಾರೆವರ್ ಎಂಬ ಬ್ಲಾಕಿನ ಹಿಂದೆ ಒಂದು ಗಡಿಯಾರವಿತ್ತೆಂಬುದು ಎರಡು ವರ್ಷದ ಬಳಕೆಯ ನಂತರ ಅಂದು ಅವಳ ಗಮನಕ್ಕೆ ಬಂತು. ವೇಗವನ್ನು ಕಳೆದ ಸಮಯದಿಂದ ಗುಣಿಸುವ ಕ್ರಮವನ್ನು ಆಮೇಲೆ ಕಲಿಸುವುದು ಕಷ್ಟವಾಗಲಿಲ್ಲ.

ಇಲ್ಲಿಯೇ ಥಾನಿಯ ಮಿತಿಗಳೂ ಕಾಣತೊಡಗುತ್ತವೆ. ಸೆಕೆಂಡಿಗೆ 60 ಸಲ ಓಡುವ ಫಂಕ್ಷನ್ ಒಂದನ್ನು ಎಫ್7 ಒತ್ತುತ್ತ ಹಿಂಬಾಲಿಸುವುದು ಪ್ರಾಯೋಗಿಕವಲ್ಲ. ಒಳಗನ್ನು ವಿವರವಾಗಿ ತೋರಿಸುವ ಡಿಬಗರ್ ನಿಧಾನ. ಸಾವಿರಾರು ಸುತ್ತಿನ ಲೂಪ್ ಇದ್ದರೆ ತಾಳ್ಮೆ ಕೆಡುತ್ತದೆ. ಫೈಲ್‌ಗಳು ಮೂರು ನಾಲ್ಕಕ್ಕಿಂತ ಹೆಚ್ಚಾದಾಗ ಅವುಗಳ ನಡುವೆ ಓಡಾಡುವುದು, ಒಂದು ಹೆಸರನ್ನು ಎಲ್ಲೆಡೆ ಒಮ್ಮೆಗೇ ಬದಲಿಸುವುದು, ಹಳೆಯ ಆವೃತ್ತಿಗಳನ್ನು ಗಿಟ್ ಎಂಬ ಸಾಧನದಿಂದ ಕಾಪಾಡಿಕೊಳ್ಳುವುದು, ಇವು ಥಾನಿಯ ಕೆಲಸವಲ್ಲ. ನಮ್ಮಲ್ಲಿ ಆ ಹಂತ ಬರಲು ಸುಮಾರು ಐದು ತಿಂಗಳು ಹಿಡಿಯಿತು.

ಆಗ ಹೋಗಬೇಕಾದದ್ದು ವಿಎಸ್ ಕೋಡ್‌ಗೆ. 2015ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಈ ಉಚಿತ ಎಡಿಟರ್ ವೃತ್ತಿಪರರ ದಿನನಿತ್ಯದ ಸಾಧನ, ಅದರ ಸಾಮರ್ಥ್ಯವನ್ನು ನಾನು ಹೊಗಳಬೇಕಿಲ್ಲ. ಆರಂಭಿಕರಿಗೆ ಇದನ್ನೇ ಮೊದಲು ಕೊಡುವವರ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ. ಪೈಥಾನ್ ಬೇರೆಯಾಗಿ ಹಾಕಬೇಕು, ಅದಕ್ಕೊಂದು ವಿಸ್ತರಣೆ ಹಾಕಬೇಕು, ಫೋಲ್ಡರ್ ತೆರೆಯುವುದಕ್ಕೂ ಫೈಲ್ ತೆರೆಯುವುದಕ್ಕೂ ಇರುವ ವ್ಯತ್ಯಾಸ ತಿಳಿದಿರಬೇಕು. ಮೊದಲ ಸಾಲು ಬರೆಯುವ ಮೊದಲೇ ಮಗು ದಣಿದಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಕೃತಕ ಬುದ್ಧಿಮತ್ತೆಯ ಸಹಾಯಕ ಚಾಲೂ ಇದ್ದರೆ ಅರ್ಧ ಸಾಲು ಬರೆಯುವಷ್ಟರಲ್ಲಿ ಉಳಿದದ್ದು ಮಸುಕಕ್ಷರದಲ್ಲಿ ಮೂಡಿ ನಿಲ್ಲುತ್ತದೆ. ಷರತ್ತು ‘ಹೆಚ್ಚು’ ಆಗಬೇಕೋ ‘ಕಡಿಮೆ’ ಆಗಬೇಕೋ ಎಂದು ಮಗು ಯೋಚಿಸಬೇಕಾದ ಆ ಮೂರು ಸೆಕೆಂಡುಗಳನ್ನೇ ಅದು ಕಸಿದುಕೊಳ್ಳುತ್ತದೆ, ಮತ್ತು ಕಲಿಕೆಯಿರುವುದು ಆ ಮೂರು ಸೆಕೆಂಡುಗಳಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಲು ಬರುತ್ತದೆ. ನಾನು ನಿಲ್ಲಿಸಿದ್ದೇನೆ, ಕಾರಣವನ್ನು ಮಗಳಿಗೂ ಹೇಳಿದ್ದೇನೆ. ಅವಳು ಒಪ್ಪಿದ್ದಾಳೆ, ಸಂತೋಷದಿಂದಲ್ಲದಿದ್ದರೂ.

ಆಟವೇ ಸರ್ವಸ್ವ ಎನ್ನುವ ಮಕ್ಕಳಿಗೆ ಗೊಡೊ ಎಂಬ ಮುಕ್ತ ಗೇಮ್ ಎಂಜಿನ್ ಕೂಡ ಇದೆ. ಅದರ ಜಿಡಿಸ್ಕ್ರಿಪ್ಟ್ ಭಾಷೆ ಪೈಥಾನ್‌ನಂತೆಯೇ ಸಾಲಿನ ಮೊದಲಿನ ಖಾಲಿ ಜಾಗದಿಂದ ರಚನೆಯನ್ನು ಗುರುತಿಸುತ್ತದೆ. ಅದರ ‘ಸಿಗ್ನಲ್’ಗಳಲ್ಲಿ ಸ್ಕ್ರಾಚ್‌ನ ಸಂದೇಶ ಪ್ರಸಾರದ ಚಹರೆ ಕಾಣುತ್ತದೆ. ಪೈಥಾನ್‌ನಲ್ಲಿ ಒಂದು ಆಟ ಮುಗಿಸಿದ ಮೇಲೆ ಅದು ಹಿಡಿತಕ್ಕೆ ಸಿಗುತ್ತದೆ, ಅದಕ್ಕೂ ಮೊದಲು ಅದರ ಗುಂಡಿಗಳ ಕಾಡಿನಲ್ಲಿ ಕಳೆದುಹೋಗುವುದೇ ಹೆಚ್ಚು.

ಈಗ ಅವಳ ಆಟ ವಿಎಸ್ ಕೋಡ್‌ನಲ್ಲಿದೆ, ಥಾನಿಯನ್ನು ಮಾತ್ರ ಅಳಿಸಿಲ್ಲ. ಕಳೆದ ವಾರ ಪರದೆ ದಾಟಿದ ಬಂಡೆಗಳನ್ನು ಪಟ್ಟಿಯಿಂದ ತೆಗೆಯುವ ಫಂಕ್ಷನ್ ಆಗಾಗ ಒಂದು ಬಂಡೆಯನ್ನು ಉಳಿಸಿಬಿಡುತ್ತಿತ್ತು. ಅವಳು ಆ ಫಂಕ್ಷನ್ ಒಂದನ್ನೇ ಥಾನಿಗೆ ತಂದು, 10, 20, 30, 40, 50 ಎಂಬ ಐದು ಸಂಖ್ಯೆಗಳ ಪಟ್ಟಿ ಕೊಟ್ಟು, 25ಕ್ಕಿಂತ ಹೆಚ್ಚಿನದನ್ನೆಲ್ಲ ತೆಗೆಯಲು ಹೇಳಿ ಎಫ್7 ಒತ್ತತೊಡಗಿದಳು. 30 ಹೋಯಿತು, ಪಟ್ಟಿ ಒಂದು ಜಾಗ ಮುಂದಕ್ಕೆ ಸರಿಯಿತು, ಲೂಪ್ ಮಾತ್ರ ತನ್ನ ಮುಂದಿನ ಜಾಗಕ್ಕೇ ಹೋಗಿ 50ರ ಮೇಲೆ ನಿಂತಿತು. 40 ಯಾರ ಕಣ್ಣಿಗೂ ಬೀಳದೆ ಉಳಿಯಿತು. ನಾನು ಪಕ್ಕದ ಕೋಣೆಯಿಂದ ಬರುವಷ್ಟರಲ್ಲಿ ಅವಳು ಪಟ್ಟಿಯ ನಕಲಿನ ಮೇಲೆ ಲೂಪ್ ಓಡಿಸಿ, ತೆಗೆಯುವುದನ್ನು ಮೂಲದಿಂದ ತೆಗೆದು, 10 ಮತ್ತು 20 ಮಾತ್ರ ಉಳಿದದ್ದನ್ನು ಎರಡು ಸಲ ನೋಡಿ ಖಚಿತಪಡಿಸಿಕೊಂಡು, ಆ ಎರಡು ಸಾಲುಗಳನ್ನು ಆಟದೊಳಕ್ಕೆ ಒಯ್ಯುತ್ತಿದ್ದಳು.